ಅರ್ಧ ಮಾಡಿದ್ದು ಸರಿ, ಕಳೆದದ್ದು ಜಾಸ್ತಿ ಆಯಿತು

ಪ್ರಶ್ನೆ: ನಮಸ್ಕಾರ ಸರ್. ನಾವು ಕುಂದಾಪುರ ಕಡೆಯವರು. ಡೊಂಬಿವಲಿಗೆ ಬಂದು ಹದಿನೈದು ವರ್ಷ ಆಯಿತು. ಯಜಮಾನರು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಮಗಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಸಮೀಕರಣ ಕೊಟ್ಟು ಬಿಡಿಸು ಅಂದರೆ ಪಟಪಟ ಮಾಡುತ್ತಾಳೆ. ಅದೇ ಲೆಕ್ಕ ಮಾತಿನಲ್ಲಿ ಬಂದರೆ ಪೆನ್ನು ಕಚ್ಚುತ್ತಾ ಕೂರುತ್ತಾಳೆ. ಮೊನ್ನೆ ಒಂದು ಲೆಕ್ಕ ಬಂತು: ಎರಡು ಸಂಖ್ಯೆಗಳ ಮೊತ್ತ 84, ವ್ಯತ್ಯಾಸ 18, ಸಂಖ್ಯೆಗಳು ಯಾವುವು? ನಾನು ಊರಲ್ಲಿ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು. 84ರ ಅರ್ಧ 42, ಅದರಲ್ಲಿ 18 ಕಳೆದರೆ 24, ಇನ್ನೊಂದು 60 ಎಂದೆ. ತಾಳೆ ನೋಡಿದರೆ ವ್ಯತ್ಯಾಸ 36 ಬಂತು! ನನ್ನ ತಪ್ಪು ಎಲ್ಲಿ? ಯಜಮಾನರು ಕೂತಲ್ಲೇ 51, 33 ಎಂದರು. ಹೇಗೆ ಅಂತ ಕೇಳಿದರೆ ‘ಹಾಗೇ ಬರುತ್ತೆ’ ಅನ್ನುತ್ತಾರೆ. ಹಾಗೆ ಬರೀ ಉತ್ತರ ಬರೆದರೆ ಟೀಚರ್ ಮಾರ್ಕು ಕೊಡುವುದಿಲ್ಲವಂತೆ. ಇನ್ನೊಂದು ಅನುಮಾನ. ಅವಳ ಪೇಪರ್ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಹೇಳಿಕೊಟ್ಟರೆ ಗೊಂದಲ ಆಗುತ್ತಾ?

ಉತ್ತರ: ತಾಯಿ, ನೀವು ತಾಳೆ ನೋಡಿದಿರಲ್ಲ, ಅಲ್ಲೇ ಅರ್ಧ ಕೆಲಸ ಮುಗಿಯಿತು. ನಾನು ಮುಂಬೈ ಫೋರ್ಟ್ ಕಡೆಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಬಹಳ ವರ್ಷ ಗಣಿತ ಕಲಿಸಿದವನು. ಉತ್ತರ ಬಂದ ಕೂಡಲೇ ಪುಸ್ತಕ ಮುಚ್ಚುವವರನ್ನೇ ಜಾಸ್ತಿ ನೋಡಿದ್ದೇನೆ. ನೀವು ಮುಚ್ಚಲಿಲ್ಲ. 36 ಬಂತು ಎಂದು ಬರೆದಿದ್ದೀರಿ. ಆ 36ನ್ನು ಸ್ವಲ್ಪ ದಿಟ್ಟಿಸಿ ನೋಡಿ. ಬೇಕಿದ್ದದ್ದು 18. ಬಂದದ್ದು ಅದರ ಸರಿಯಾಗಿ ಎರಡು ಪಟ್ಟು. ಎಲ್ಲೋ ಕೈತಪ್ಪಿ ಆದ ತಪ್ಪಾಗಿದ್ದರೆ 31 ಬರಬಹುದಿತ್ತು, 40 ಬರಬಹುದಿತ್ತು. ಎರಡು ಪಟ್ಟು ಬಂದಿದೆ ಅಂದರೆ ಅದಕ್ಕೊಂದು ಕಾರಣ ಇದೆ.

ಅಡುಗೆಮನೆಯಲ್ಲಿ ಹುಣಸೆ ಬೀಜ ಇದ್ದರೆ ಇಪ್ಪತ್ತು ಬೀಜ ತೆಗೆದುಕೊಳ್ಳಿ. (ಬೀಜಗಣಿತಕ್ಕೆ ಬೀಜ ಇಲ್ಲದಿದ್ದರೆ ಹೇಗೆ!) ನಿಮ್ಮ ಮುಂದೆ ಹತ್ತು, ಮಗಳ ಮುಂದೆ ಹತ್ತು ಇಡಿ. ಈಗ ನಿಮ್ಮ ರಾಶಿಯಿಂದ ನಾಲ್ಕು ತೆಗೆದು ಅವಳ ರಾಶಿಗೆ ಹಾಕಿ. ನಿಮ್ಮ ಹತ್ತಿರ 6, ಅವಳ ಹತ್ತಿರ 14. ಎಷ್ಟು ವ್ಯತ್ಯಾಸ? 8. ಕೊಟ್ಟದ್ದು ನಾಲ್ಕೇ, ಅಂತರ ಎಂಟಾಯಿತು. ಯಾಕೆಂದರೆ ಆ ನಾಲ್ಕು ಬೀಜ ಎರಡು ಸಲ ಕೆಲಸ ಮಾಡುತ್ತದೆ. ಒಂದು ಕಡೆ ಇಳಿಸುತ್ತದೆ, ಇನ್ನೊಂದು ಕಡೆ ಏರಿಸುತ್ತದೆ.

ನೀವು 84ನ್ನು ಅರ್ಧ ಮಾಡಿದಾಗ ಎರಡೂ ರಾಶಿ ಸಮ ಆಯಿತು, 42 ಮತ್ತು 42. ಅಲ್ಲಿವರೆಗೆ ಸರಿ. ಆಮೇಲೆ ಇಡೀ 18ನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿಬಿಟ್ಟಿರಿ. ಅಂತರ 36 ಆಯಿತು. 18ರ ಅಂತರ ಬೇಕಾದರೆ ಅದರ ಅರ್ಧ, ಅಂದರೆ 9 ಮಾತ್ರ ದಾಟಬೇಕು. 42 ಕೂಡಿಸು 9, 51. 42 ಕಳೆ 9, 33. ಯಜಮಾನರು ಹೇಳಿದ್ದೂ ಇದೇ ಅಲ್ವಾ?

ಇದು ಸಣ್ಣ ಮಕ್ಕಳ ತಪ್ಪು ಎಂದು ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಎಲ್ಲರನ್ನೂ ಈ ಲೆಕ್ಕ ಕೇಳಿ ನೋಡಿ. ಒಂದು ಮಸಾಲೆ ದೋಸೆ, ಒಂದು ಚಹಾ ಸೇರಿ 110 ರೂಪಾಯಿ. ದೋಸೆ ಚಹಾಕ್ಕಿಂತ 100 ರೂಪಾಯಿ ಜಾಸ್ತಿ. ಚಹಾಕ್ಕೆ ಎಷ್ಟು? ಹತ್ತರಲ್ಲಿ ಎಂಟು ಜನ 10 ಎನ್ನುತ್ತಾರೆ, ಅದೂ ಯೋಚನೆ ಮಾಡದೆ. ಚಹಾ 10 ಆದರೆ ದೋಸೆ 110, ಬಿಲ್ಲು 120 ಆಗುತ್ತದೆ. ಸರಿ ಉತ್ತರ 5. (ಇವತ್ತಿನ ಮುಂಬೈಯಲ್ಲಿ ಐದು ರೂಪಾಯಿಗೆ ಚಹಾ ಎಲ್ಲಿ ಸಿಗುತ್ತೆ ಎಂದು ಮಾತ್ರ ಕೇಳಬೇಡಿ.) ಶೇನ್ ಫ್ರೆಡೆರಿಕ್ ಎಂಬ ಅಮೆರಿಕದ ವಿದ್ವಾಂಸರು 2005ರಲ್ಲಿ ಇದೇ ಲೆಕ್ಕವನ್ನು ಬ್ಯಾಟು, ಚೆಂಡಿನ ಬೆಲೆ ಮಾಡಿ ಪ್ರಕಟಿಸಿದರು. ಅಲ್ಲಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೇ ಬಹಳ ಜನ ಎಡವಿದ್ದರು. ಅಂತರವನ್ನು ಇಡಿಯಾಗಿ ಕಳೆದು ಕೈ ತೊಳೆದುಕೊಳ್ಳುವ ಅವಸರ ಎಲ್ಲರಿಗೂ ಇರುತ್ತದೆ.

ಈಗ ಯಜಮಾನರ ‘ಹಾಗೇ ಬರುತ್ತೆ’. ಅದು ಹೇಗೆ ಬಂತು ಎಂದು ನಾನು ಊಹೆ ಮಾಡಬಲ್ಲೆ. ಗಲ್ಲಾದಲ್ಲಿ ಕೂತವರಿಗೆಲ್ಲ ಆ ಕಸುಬು ಇರುತ್ತದೆ.

ರಾತ್ರಿ ಶಾಲೆಗೆ ಬರುತ್ತಿದ್ದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಶಿ ತೊಳೆದು, ಟೇಬಲ್ ಒರೆಸಿ ಬರುವವರು. ಎಂಟು ಗಂಟೆಗೆಲ್ಲ ಹಿಂದಿನ ಬೆಂಚು ನಿದ್ದೆ. ಒಂದು ದಿನ ನಾನು ಬೋರ್ಡಿನ ಮೇಲೆ ಎಕ್ಸ್, ವೈ ಬರೆದು ಇಂಥದ್ದೇ ಲೆಕ್ಕ ಹಾಕಿದೆ. ಒಬ್ಬರೂ ಕೈ ಎತ್ತಲಿಲ್ಲ. ನನಗೂ ಸಾಕಾಗಿತ್ತು. ಎಲ್ಲ ಒರೆಸಿ, ‘ಇಬ್ಬರು ಮಾಣಿಗಳಿಗೆ ಸೇರಿ 84 ರೂಪಾಯಿ ಟಿಪ್ಸ್ ಬಂತು, ದೊಡ್ಡವನಿಗೆ 18 ಜಾಸ್ತಿ ಸಿಕ್ಕಿದೆ, ಹೇಗೆ ಹಂಚುತ್ತೀರಿ?’ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಕಣ್ಣು ತೆರೆಯದೆಯೇ ಹೇಳಿದ: ‘ಆ ಜಾಸ್ತಿ ಇರೋದನ್ನ ಮೊದ್ಲು ಬದಿಗಿಡಿ ಸಾರ್. ಉಳಿದಿದ್ದು ಇಬ್ಬರಿಗೂ ಸಮ. ಸಣ್ಣವನಿಗೆ ಎಷ್ಟೋ ಅಷ್ಟೇ ದೊಡ್ಡವನಿಗೂ. ಆಮೇಲೆ ಬದಿಗಿಟ್ಟದ್ದು ದೊಡ್ಡವನಿಗೆ.’

84ರಿಂದ 18 ಬದಿಗಿಟ್ಟರೆ 66. ಇಬ್ಬರಿಗೆ ಸಮವಾಗಿ 33, 33. ಬದಿಗಿಟ್ಟ 18 ದೊಡ್ಡವನಿಗೆ ಕೊಟ್ಟರೆ 51. ಯಜಮಾನರ ತಲೆಯಲ್ಲೂ ಇದೇ ನಡೆದಿರುತ್ತದೆ. ಕೇಳಿ ನೋಡಿ.

ಅವತ್ತಿನಿಂದ ನಾನು ಈ ಪಾಠವನ್ನು ಎಕ್ಸ್‌ನಿಂದ ಶುರು ಮಾಡಿದ್ದೇ ಇಲ್ಲ. ‘ಸಣ್ಣವನಿಗೆ ಎಷ್ಟೋ ಅಷ್ಟು’ ಎಂಬ ಆ ಹುಡುಗನ ಮಾತಿನಿಂದಲೇ ಶುರು. ಯಾಕೆಂದರೆ ಸಮೀಕರಣ ಅಂದರೆ ಆ ಮಾತನ್ನೇ ಕಾಗದದ ಮೇಲೆ ಇಳಿಸುವುದು. ಮಗಳ ಹತ್ತಿರ ಹೀಗೆ ಬಾಯಿಬಿಟ್ಟು ಹೇಳಿಸಿ: ಸಣ್ಣದು ಎಷ್ಟೋ ಅಷ್ಟು. ದೊಡ್ಡದು ಎಷ್ಟೋ ಅಷ್ಟು, ಮತ್ತೆ 18. ಎರಡೂ ಸೇರಿದರೆ ಎರಡು ಸಲ ‘ಎಷ್ಟೋ ಅಷ್ಟು’, ಮತ್ತೆ ಒಂದು 18. ಅದು 84. ಈಗ ‘ಎಷ್ಟೋ ಅಷ್ಟು’ ಅನ್ನುವಲ್ಲೆಲ್ಲ ಎಕ್ಸ್ ಬರೆಯಲಿ:

ಎಕ್ಸ್ + (ಎಕ್ಸ್ + 18) = 84
2ಎಕ್ಸ್ + 18 = 84
2ಎಕ್ಸ್ = 66
ಎಕ್ಸ್ = 33

ಮೂರನೇ ಸಾಲು ನೋಡಿ. 66. ಹುಡುಗ ಬದಿಗಿಟ್ಟ ಮೇಲೆ ಉಳಿದ 66 ಅದೇ. ಗಲ್ಲಾದ ಲೆಕ್ಕವೂ ಶಾಲೆಯ ಲೆಕ್ಕವೂ ಒಂದೇ ದಾರಿಯಲ್ಲಿ ಹೋಗುತ್ತವೆ. ಇದನ್ನು ಮಗಳು ತನ್ನ ಕಣ್ಣಿಂದ ನೋಡಿದರೆ ಅವಳ ಹೆದರಿಕೆ ಅರ್ಧ ಇಳಿಯುತ್ತದೆ.

ತಮಾಷೆ ಏನೆಂದರೆ, ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಗೆ ಇಟ್ಟ ಹೆಸರೂ ಇದೇ. ‘ಯಾವತ್ ತಾವತ್’ ಎನ್ನುತ್ತಿದ್ದರು. ಅಂದರೆ ಎಷ್ಟೋ ಅಷ್ಟು! ಬರೆಯುವಾಗ ಚಿಕ್ಕದಾಗಿ ‘ಯಾ’. ಗೊತ್ತಿರುವ ಸಂಖ್ಯೆಗೆ ‘ರೂ’, ರೂಪಾಯಿ ಅಲ್ಲ, ‘ರೂಪ’ ಎಂಬುದರ ಮೊದಲಕ್ಷರ. ನಿಮ್ಮ ಮಗಳ ಸಮೀಕರಣವನ್ನು ಎರಡನೇ ಭಾಸ್ಕರಾಚಾರ್ಯರು ‘ಯಾ 2 ರೂ 18’ ಎಂದು ಬರೆದು ಅದರ ಕೆಳಗೆ ‘ಯಾ 0 ರೂ 84’ ಎಂದು ಬರೆಯುತ್ತಿದ್ದರು. ಮೇಲಿನ ಸಾಲೂ ಕೆಳಗಿನ ಸಾಲೂ ಸಮ ಎಂದು ಅರ್ಥ.

ಮೊತ್ತ, ವ್ಯತ್ಯಾಸ ಕೊಟ್ಟು ಸಂಖ್ಯೆ ಕೇಳುವ ಈ ಲೆಕ್ಕಕ್ಕೂ ಅವರಲ್ಲಿ ಹೆಸರಿತ್ತು. ‘ಸಂಕ್ರಮಣ’. ಬ್ರಹ್ಮಗುಪ್ತ 628ರಲ್ಲೇ ಇದರ ಸೂತ್ರ ಹೇಳಿದ್ದಾನೆ. ಮೊತ್ತಕ್ಕೆ ವ್ಯತ್ಯಾಸ ಕೂಡಿಸಿ ಅರ್ಧ ಮಾಡಿದರೆ ದೊಡ್ಡದು, ಕಳೆದು ಅರ್ಧ ಮಾಡಿದರೆ ಚಿಕ್ಕದು. ಭಾಸ್ಕರಾಚಾರ್ಯರ 1150ರ ‘ಲೀಲಾವತಿ’ಯಲ್ಲಿ ಇದಕ್ಕೆ ಕೊಟ್ಟ ಉದಾಹರಣೆ: ಮೊತ್ತ 101, ವ್ಯತ್ಯಾಸ 25. ಕೂಡಿಸಿದರೆ 126, ಅರ್ಧ 63. ಕಳೆದರೆ 76, ಅರ್ಧ 38. ಎಂಟೂವರೆ ಶತಮಾನ ಕಳೆದರೂ ಅದೇ ಲೆಕ್ಕ ನಿಮ್ಮ ಮಗಳ ನೋಟುಪುಸ್ತಕಕ್ಕೆ ಬಂದು ಕೂತಿದೆ.

ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಎಂದು ನಾವು, ಚಾಳೀಸ್‌ಗಾಂವ್ ಹತ್ತಿರದ ಪಾಟಣದವರು ಎಂದು ಮರಾಠಿಯವರು, ಈ ವಾದ ಮುಂಬೈಯ ಸ್ಟಾಫ್‌ರೂಮುಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ. ಪಾಟಣದಲ್ಲಿ ಒಂದು ಶಾಸನ ಇರುವುದು ನಿಜ. ಭಾಸ್ಕರಾಚಾರ್ಯರ ಗ್ರಂಥಗಳನ್ನು ಕಲಿಸಲೆಂದೇ ಅವರ ಮೊಮ್ಮಗ ಚಾಂಗದೇವ ಮಠ ಸ್ಥಾಪಿಸಿದ ವಿಷಯ ಅದರಲ್ಲಿದೆ. ಕಲ್ಯಾಣದಿಂದ ನಾಸಿಕ್ ದಾರಿಯಲ್ಲಿ ಹೋಗುವ ರೈಲು ಹತ್ತಿದರೆ ಚಾಳೀಸ್‌ಗಾಂವ್ ಸಿಗುತ್ತದೆ. ಜಗಳ ಇರಲಿ, ಲೆಕ್ಕ ಇಬ್ಬರಿಗೂ ಸೇರಿದ್ದು.

ಒಂದು ಎಚ್ಚರಿಕೆ. ಈ ‘ಕೂಡಿಸಿ ಅರ್ಧ, ಕಳೆದು ಅರ್ಧ’ ಸೂತ್ರವನ್ನು ಮಗಳಿಗೆ ಮೊದಲೇ ಬಾಯಿಪಾಠ ಮಾಡಿಸಬೇಡಿ. ಬೀಜ ದಾಟಿಸುವ ಆಟ, ಬದಿಗಿಡುವ ಉಪಾಯ ಎರಡೂ ಆದ ಮೇಲೆ ಹೇಳಿ. ಸೂತ್ರ ಮಾತ್ರ ಕಲಿತ ಮಕ್ಕಳು ಮೂರು ಜನರ ಲೆಕ್ಕ ಬಂದ ಕೂಡಲೇ ಮತ್ತೆ ಪೆನ್ನು ಕಚ್ಚುತ್ತಾರೆ. ಮೂವರಿಗೆ ಸೇರಿ 190 ರೂಪಾಯಿ ಟಿಪ್ಸ್. ಎರಡನೆಯವನಿಗೆ ಮೊದಲನೆಯವನಿಗಿಂತ 20 ಜಾಸ್ತಿ, ಮೂರನೆಯವನಿಗೆ ಎರಡನೆಯವನಿಗಿಂತ 30 ಜಾಸ್ತಿ. ಇಲ್ಲಿ ಸೂತ್ರ ಕೈಕೊಡುತ್ತದೆ, ‘ಎಷ್ಟೋ ಅಷ್ಟು’ ಕೈಕೊಡುವುದಿಲ್ಲ. ಮೊದಲನೆಯವನಿಗೆ ಎಷ್ಟೋ ಅಷ್ಟು. ಎರಡನೆಯವನಿಗೆ ಅಷ್ಟು ಮತ್ತೆ 20. ಮೂರನೆಯವನಿಗೆ? ಮಕ್ಕಳು ಇಲ್ಲಿ ‘ಅಷ್ಟು ಮತ್ತೆ 30’ ಎಂದು ಬರೆದುಬಿಡುತ್ತಾರೆ. 30 ಜಾಸ್ತಿ ಇರುವುದು ಎರಡನೆಯವನಿಗಿಂತ. ಹಾಗಾಗಿ ಅಷ್ಟು ಮತ್ತೆ 50. ಬದಿಗಿಡಬೇಕಾದದ್ದು 20 ಮತ್ತು 50, ಒಟ್ಟು 70. ಉಳಿದ 120 ಮೂವರಿಗೆ ಸಮ, ತಲಾ 40. ಉತ್ತರ 40, 60, 90.

ಈಗ ಕನ್ನಡದ ಪ್ರಶ್ನೆಗೆ ಬರುತ್ತೇನೆ. ನನ್ನ ಅನುಭವದಲ್ಲಿ ಈ ಲೆಕ್ಕಗಳಿಗೆ ಕನ್ನಡ ಇಂಗ್ಲಿಷಿಗಿಂತ ಅನುಕೂಲ. ಹೆಮ್ಮೆಯಿಂದ ಹೇಳುತ್ತಿಲ್ಲ, ಕಾರಣ ಇದೆ. ಇಂಗ್ಲಿಷಿನಲ್ಲಿ ‘ಫೈವ್ ಲೆಸ್ ದ್ಯಾನ್ ಎ ನಂಬರ್’ ಎಂದು ಬರುತ್ತದೆ. ಮೊದಲು ಫೈವ್ ಕಿವಿಗೆ ಬೀಳುತ್ತದೆ, ಆಮೇಲೆ ಲೆಸ್, ಕೊನೆಗೆ ನಂಬರ್. ಮಗು ಕೇಳಿದ ಸಾಲಿನಲ್ಲೇ ಬರೆಯುತ್ತದೆ: 5 − ಎಕ್ಸ್. ಆಗಬೇಕಾದದ್ದು ಎಕ್ಸ್ − 5. ಇದೇ ಮಾತು ಕನ್ನಡದಲ್ಲಿ ಹೇಗೆ ಹೇಳುತ್ತೇವೆ? ‘ಒಂದು ಸಂಖ್ಯೆಗಿಂತ 5 ಕಡಿಮೆ.’ ಮೊದಲು ಸಂಖ್ಯೆ, ಆಮೇಲೆ 5, ಆಮೇಲೆ ಕಡಿಮೆ. ಹೇಳಿದ ಸಾಲಿನಲ್ಲೇ ಬರೆದರೂ ಎಕ್ಸ್ ಮುಂದೆ, 5 ಹಿಂದೆ ಸರಿಯಾಗಿ ಕೂರುತ್ತದೆ. ಮರಾಠಿಯೂ ಹಾಗೆಯೇ. ಹಾಗಾಗಿ ಪೇಪರಿನ ವಾಕ್ಯವನ್ನು ಅವಳು ಒಮ್ಮೆ ಮನೆಮಾತಿನಲ್ಲಿ ಹೇಳಿಕೊಂಡು ಆಮೇಲೆ ಬರೆಯಲಿ. ಗೊಂದಲ ಕಡಿಮೆಯೇ ಆಗುತ್ತದೆ.

ಆದರೆ ಕನ್ನಡದಲ್ಲೂ ಒಂದು ಗುಂಡಿ ಇದೆ. ‘ತಂಗಿಗಿಂತ ಅಕ್ಕನ ಹತ್ತಿರ 18 ರೂಪಾಯಿ ಜಾಸ್ತಿ.’ ಅಕ್ಕನ ಪಕ್ಕದಲ್ಲೇ ‘18 ಜಾಸ್ತಿ’ ಎಂದು ಕೇಳುತ್ತದಲ್ಲ, ಮಗು ‘ಅಕ್ಕ + 18 = ತಂಗಿ’ ಎಂದು ಬರೆಯುತ್ತದೆ. ಈಗಾಗಲೇ ಜಾಸ್ತಿ ಇರುವವಳಿಗೆ ಇನ್ನೂ 18! ಇಲ್ಲಿ ತಕ್ಕಡಿ ನೆನಪು ಮಾಡಿಸಿ. ತರಕಾರಿಯವನು ತಕ್ಕಡಿ ಸಮ ಮಾಡಲು ತೂಕದ ಬಟ್ಟು ಯಾವ ತಟ್ಟೆಗೆ ಹಾಕುತ್ತಾನೆ? ಹಗುರ ಇರುವ ಕಡೆಗೆ. ಸಮೀಕರಣದ ನಡುವಿನ ಆ ಸಮ ಚಿಹ್ನೆಯೂ ತಕ್ಕಡಿಯೇ. 18 ತಂಗಿಯ ತಟ್ಟೆಗೆ ಬೀಳಬೇಕು. ತಂಗಿ + 18 = ಅಕ್ಕ.

‘ಆ ಕಡೆಯಿಂದ ಈ ಕಡೆಗೆ ತಂದರೆ ಚಿಹ್ನೆ ಬದಲು’ ಎಂಬ ಮಂತ್ರವೂ ನನಗೆ ಅಷ್ಟು ಇಷ್ಟ ಇಲ್ಲ. ಮಂತ್ರ ತಪ್ಪಲ್ಲ, ಆದರೆ ಮಕ್ಕಳು ಅದನ್ನು ಮಾಟದ ಹಾಗೆ ನಂಬುತ್ತಾರೆ. ‘2ಎಕ್ಸ್ = 66’ರಲ್ಲಿ 2ನ್ನೂ ಆ ಕಡೆ ತಂದು −2 ಮಾಡಿ 64 ಎಂದು ಬರೆದವರನ್ನು ನೋಡಿದ್ದೇನೆ. ಎರಡೂ ತಟ್ಟೆಯಿಂದ 18 ತೆಗೆದೆ, ಆಮೇಲೆ ಎರಡೂ ತಟ್ಟೆಯನ್ನು ಅರ್ಧ ಮಾಡಿದೆ ಎಂದು ಹೇಳಿಸಿದರೆ ಈ ತಪ್ಪು ಬರುವುದಿಲ್ಲ.

ಪರೀಕ್ಷೆಯಲ್ಲಿ ಮೊತ್ತ, ವ್ಯತ್ಯಾಸ ಎಂದು ಬಾಯಿಬಿಟ್ಟು ಹೇಳಿದರೆ ಎಷ್ಟೋ ಸುಲಭ. ಹಾಗೆ ಹೇಳುವುದು ಕಡಿಮೆ. ಅವು ವೇಷ ಹಾಕಿಕೊಂಡು ಬರುತ್ತವೆ. ಮುಖ್ಯವಾದ ನಾಲ್ಕು ವೇಷ ಗುರುತಿಸಲು ಕಲಿಸಿ, ಸಾಕು.

ಒಂದು ಖೋಲಿ, ಅಂದರೆ ಕೋಣೆ, ಇದೆ ಅಂದುಕೊಳ್ಳಿ. ಸುತ್ತಳತೆ 44 ಅಡಿ, ಉದ್ದ ಅಗಲಕ್ಕಿಂತ 2 ಅಡಿ ಜಾಸ್ತಿ. ಮಕ್ಕಳು 44ನ್ನೇ ಮೊತ್ತ ಎಂದುಕೊಂಡು 23, 21 ಎನ್ನುತ್ತಾರೆ. ಮುಂಬೈಯಲ್ಲಿ ಅಷ್ಟು ದೊಡ್ಡ ಖೋಲಿ ಯಾರಿಗೆ ಸಿಗುತ್ತದೆ! ಸುತ್ತಳತೆ ಅಂದರೆ ನಾಲ್ಕು ಗೋಡೆ, ಎರಡು ಉದ್ದ, ಎರಡು ಅಗಲ. ಒಂದು ಉದ್ದ, ಒಂದು ಅಗಲದ ಮೊತ್ತ ಅದರ ಅರ್ಧ, 22. ಈಗ ಮೊತ್ತ 22, ವ್ಯತ್ಯಾಸ 2. ಖೋಲಿ 12ಕ್ಕೆ 10. ನಿಮ್ಮ ಮನೆಯ ಖೋಲಿಯನ್ನೇ ಟೇಪು ಹಿಡಿದು ಅಳೆದು ಇಂಥ ಲೆಕ್ಕ ಮಾಡಿ ಕೊಡಿ.

ಇನ್ನೊಂದು ವೇಷ ದೋಣಿಯದು. ಖಾಡಿಯಲ್ಲಿ, ಅಂದರೆ ಅಳಿವೆಯಲ್ಲಿ, ನೀರು ಇಳಿಯುವಾಗ ಸಮುದ್ರದ ಕಡೆಗೆ ದೋಣಿ ಗಂಟೆಗೆ 14 ಕಿಲೋಮೀಟರು ಹೋಗುತ್ತದೆ. ಅದೇ ಸೆಳೆತಕ್ಕೆ ಎದುರಾಗಿ ಬರುವಾಗ 8. ದೋಣಿಯ ಸ್ವಂತ ವೇಗ ಎಷ್ಟು, ನೀರಿನ ವೇಗ ಎಷ್ಟು? ಎಲ್ಲಿಯೂ ಮೊತ್ತ ಎಂಬ ಮಾತೇ ಇಲ್ಲ. ಆದರೆ ಹೋಗುವಾಗ ನೀರು ನೂಕಿತು, ಅಂದರೆ ದೋಣಿ ಮತ್ತು ನೀರು ಸೇರಿ 14. ಬರುವಾಗ ನೀರು ತಡೆಯಿತು, ದೋಣಿಯಲ್ಲಿ ನೀರು ಕಳೆದು 8. ಮೊತ್ತ 14, ವ್ಯತ್ಯಾಸ 8. ದೋಣಿ 11, ನೀರು 3. ಮುಂದಿನ ಕ್ಲಾಸುಗಳಲ್ಲಿ ಎಕ್ಸ್, ವೈ ಎರಡೂ ಹಾಕಿ ಎರಡು ಸಮೀಕರಣ ಬರೆಸುತ್ತಾರೆ: ಎಕ್ಸ್ + ವೈ = 14, ಎಕ್ಸ್ − ವೈ = 8. ಎರಡನ್ನೂ ಕೂಡಿಸಿದರೆ ವೈ ಹೊಡೆದುಹೋಗಿ 2ಎಕ್ಸ್ = 22 ಉಳಿಯುತ್ತದೆ. ಬ್ರಹ್ಮಗುಪ್ತನ ‘ಕೂಡಿಸಿ ಅರ್ಧ’ ಇದೇ. ಅಲ್ಲಿವರೆಗೆ ಮಗಳು ಒಂದೇ ಎಕ್ಸ್‌ನಲ್ಲಿ ಕೆಲಸ ಮಾಡಲಿ.

ಅಂಕಿ ತಿರುಗಿಸುವ ಲೆಕ್ಕ ಎಲ್ಲರನ್ನೂ ಹೆದರಿಸುತ್ತದೆ. ಎರಡಂಕಿಯ ಸಂಖ್ಯೆ, ಅಂಕಿಗಳ ಮೊತ್ತ 11, ತಿರುಗಿಸಿ ಬರೆದರೆ 27 ಹೆಚ್ಚಾಗುತ್ತದೆ. ಇಲ್ಲಿ ವ್ಯತ್ಯಾಸ 27 ಅಲ್ಲ. ತಿರುಗಿಸಿದಾಗ ಬಿಡಿಸ್ಥಾನದ ಅಂಕಿ ಹತ್ತರ ಸ್ಥಾನಕ್ಕೆ ಬಡ್ತಿ ಪಡೆಯುತ್ತದೆ, ಒಂದು ಪಟ್ಟು ಇದ್ದದ್ದು ಹತ್ತು ಪಟ್ಟಾಗುತ್ತದೆ. ಅಂದರೆ 9 ಪಟ್ಟು ಏರಿಕೆ. ಇನ್ನೊಂದು ಅಂಕಿಗೆ 9 ಪಟ್ಟು ಇಳಿಕೆ. ಒಟ್ಟು ಬದಲಾವಣೆ ಅಂಕಿಗಳ ವ್ಯತ್ಯಾಸದ 9 ಪಟ್ಟು. 27ನ್ನು 9ರಿಂದ ಭಾಗಿಸಿದರೆ 3. ಮೊತ್ತ 11, ವ್ಯತ್ಯಾಸ 3, ಅಂಕಿಗಳು 7 ಮತ್ತು 4. ತಿರುಗಿಸಿದಾಗ ಹೆಚ್ಚಾಗಬೇಕು ಎಂದಿದೆ, ಹಾಗಾಗಿ ಸಂಖ್ಯೆ 47.

ನಾಲ್ಕನೆಯದು ವಯಸ್ಸು. ತಾಯಿ, ಮಗಳ ವಯಸ್ಸು ಸೇರಿ 52, ತಾಯಿ 26 ವರ್ಷ ದೊಡ್ಡವಳು. 52ರಿಂದ 26 ಬದಿಗಿಟ್ಟು ಅರ್ಧ ಮಾಡಿದರೆ ಮಗಳು 13, ತಾಯಿ 39. ಇಷ್ಟೇ ಕೇಳಿದರೆ ಕಷ್ಟ ಇಲ್ಲ. ‘5 ವರ್ಷದ ಹಿಂದೆ ಇಬ್ಬರ ವಯಸ್ಸಿನ ಮೊತ್ತ 42 ಆಗಿತ್ತು’ ಎಂದು ಕೊಟ್ಟರೆ ಮಕ್ಕಳು ಇವತ್ತಿನ ಮೊತ್ತ 47 ಎಂದು ಬರೆಯುತ್ತಾರೆ. ವರ್ಷ ಕಳೆದದ್ದು ಐದೇ, ಆದರೆ ವಯಸ್ಸಾದದ್ದು ಇಬ್ಬರಿಗೂ. ಮೊತ್ತಕ್ಕೆ 10 ಸೇರಬೇಕು. ವ್ಯತ್ಯಾಸ ಮಾತ್ರ ಯಾವ ಕಾಲಕ್ಕೂ ಬದಲಾಗುವುದಿಲ್ಲ. ಮಗಳು ಎಷ್ಟೇ ದೊಡ್ಡವಳಾದರೂ ನೀವು ಅಷ್ಟೇ ವರ್ಷ ದೊಡ್ಡವರು. ವಯಸ್ಸಿನ ಲೆಕ್ಕದಲ್ಲಿ ಸಿಕ್ಕಿಬಿದ್ದಾಗ ಹಿಡಿದುಕೊಳ್ಳಲು ಅದೊಂದೇ ಗಟ್ಟಿ ಕಂಬ.

ಸಾಲುಸಂಖ್ಯೆಯ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಚಾಳಿನಲ್ಲಿ ಅಕ್ಕಪಕ್ಕದ ಮೂರು ಖೋಲಿಗಳ ನಂಬರು ಕೂಡಿಸಿದರೆ 72. ನಡುವಿನದು ಮೂರರಲ್ಲಿ ಒಂದು ಪಾಲು, 24. ಆಚೆಈಚೆ 23, 25. ಒಂದು ಬದಿಯಲ್ಲಿ ಬೆಸ ನಂಬರು ಮಾತ್ರ ಇದ್ದು ಮೊತ್ತ 75 ಆದರೆ ನಡುವಿನದು 25, ಪಕ್ಕದವು 23, 27. ಸಣ್ಣದಕ್ಕೆ ಎಕ್ಸ್ ಎಂದು ಹೆಸರಿಡುವ ಬದಲು ನಡುವಿನದಕ್ಕೆ ಇಟ್ಟರೆ ಆಚೆಈಚೆಯ ಕೂಡಿಸು, ಕಳೆ ಹೊಡೆದುಹೋಗುತ್ತದೆ.

ಕೆಲವು ಲೆಕ್ಕ ಲೆಕ್ಕವೇ ಅಲ್ಲ. ಒಮ್ಮೆ ಒಂದು ಗೈಡಿನಲ್ಲಿ ನೋಡಿದೆ: ತರಗತಿಯಲ್ಲಿ 45 ಮಕ್ಕಳು, ಹುಡುಗರಿಗಿಂತ ಹುಡುಗಿಯರು 12 ಜಾಸ್ತಿ. 45ರಿಂದ 12 ಬದಿಗಿಟ್ಟರೆ 33, ಅರ್ಧ ಹದಿನಾರೂವರೆ. ಅರ್ಧ ಹುಡುಗನನ್ನು ಎಲ್ಲಿ ಕೂರಿಸುವುದು? ಇದನ್ನು ಪೂರ್ತಿ ಬಿಡಿಸದೆಯೇ ಹಿಡಿಯಬಹುದು. ಪೂರ್ಣಸಂಖ್ಯೆ ಬೇಕಾದ ಕಡೆ ಮೊತ್ತ, ವ್ಯತ್ಯಾಸ ಎರಡೂ ಸಮ ಇರಬೇಕು ಅಥವಾ ಎರಡೂ ಬೆಸ ಇರಬೇಕು. 84, 18 ಎರಡೂ ಸಮ. ಭಾಸ್ಕರಾಚಾರ್ಯರ 101, 25 ಎರಡೂ ಬೆಸ. 45 ಬೆಸ, 12 ಸಮ, ಹಾಗಾಗಿ ಎಲ್ಲೋ ಅಚ್ಚಿನ ತಪ್ಪು ಆಗಿದೆ. ಹಣ, ಉದ್ದ, ತೂಕದ ಲೆಕ್ಕದಲ್ಲಿ ಅರ್ಧ ಬಂದರೆ ಪರವಾಗಿಲ್ಲ.

ಇನ್ನು ಟೀಚರ್ ಮಾರ್ಕು. ಬರೀ 51, 33 ಎಂದು ಬರೆದರೆ ನಾನಾದರೂ ಪೂರ್ತಿ ಮಾರ್ಕು ಕೊಡುತ್ತಿರಲಿಲ್ಲ, ಸೊನ್ನೆಯನ್ನೂ ಕೊಡುತ್ತಿರಲಿಲ್ಲ. ಟೀಚರ್ ನೋಡುವುದು ಎಕ್ಸ್ ಅಂದರೆ ಯಾರು ಎಂದು ಮಗು ಹೇಳಿದೆಯಾ ಎಂದು. ಮೊದಲ ಸಾಲಿನಲ್ಲೇ ‘ಚಿಕ್ಕ ಸಂಖ್ಯೆ ಎಕ್ಸ್ ಆಗಿರಲಿ, ಆಗ ದೊಡ್ಡ ಸಂಖ್ಯೆ ಎಕ್ಸ್ + 18’ ಎಂದು ಅವಳ ಪೇಪರಿನ ಭಾಷೆಯಲ್ಲಿ ಬರೆಯಲಿ. ಬರೀ ‘ಎಕ್ಸ್ ಆಗಿರಲಿ’ ಎಂದು ಬರೆದು ಯಾವುದು ಎಂದು ಹೇಳದೆ ಬಿಡುವುದೇ ಮಕ್ಕಳು ಮಾಡುವ ದೊಡ್ಡ ತಪ್ಪು. ಹಾಗೆ ಬಿಟ್ಟವರೇ ಎಕ್ಸ್ 33 ಎಂದು ಕಂಡುಹಿಡಿದು, ಸುಮ್ನೆ ಅಲ್ಲೇ ನಿಲ್ಲಿಸುತ್ತಾರೆ. ಕೇಳಿದ್ದು ಎರಡು ಸಂಖ್ಯೆ ಎಂಬುದೇ ಮರೆತಿರುತ್ತದೆ. ಕೊನೆಗೆ ತಾಳೆ ನೋಡಿದ್ದನ್ನೂ ಒಂದು ಸಾಲು ಬರೆಯಲಿ. ತಾಳೆ ಯಾವಾಗಲೂ ಪ್ರಶ್ನೆಯ ವಾಕ್ಯದ ಜೊತೆ ನೋಡಬೇಕು, ತಾನು ಬರೆದ ಸಮೀಕರಣದ ಜೊತೆ ಅಲ್ಲ. ಸಮೀಕರಣವನ್ನೇ ತಪ್ಪು ಬರೆದಿದ್ದರೆ ತಪ್ಪು ಉತ್ತರವೂ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಯಜಮಾನರನ್ನೂ ಇದರಲ್ಲಿ ಸೇರಿಸಿಕೊಳ್ಳಿ. ರಾತ್ರಿ ಅವರು ಬಂದ ಮೇಲೆ ಒಂದು ಲೆಕ್ಕ ಕೊಡಿ. ಅವರು ಬಾಯಲ್ಲಿ ಹೇಳಲಿ, ಮಗಳು ಅವರು ಹೇಳಿದ ಒಂದೊಂದು ಮಾತನ್ನೂ ಒಂದೊಂದು ಸಾಲಾಗಿ ಬರೆಯಲಿ. ‘ಹಾಗೇ ಬರುತ್ತೆ’ ಎಂದರೆ ಬಿಡಬೇಡಿ, ‘ಮೊದಲು ಏನನ್ನು ಬದಿಗಿಟ್ಟಿರಿ?’ ಎಂದು ಕೇಳಿ. ಮೊದಲ ಲೆಕ್ಕ ನಿಮ್ಮ ಊರಿನದ್ದೇ ಇರಲಿ. ಠಾಣೆಯಿಂದ ಕಲ್ಯಾಣಕ್ಕೆ ಸುಮಾರು 20 ಕಿಲೋಮೀಟರು, ನಡುವೆ ಡೊಂಬಿವಲಿ. ಡೊಂಬಿವಲಿಯಿಂದ ಠಾಣೆ, ಕಲ್ಯಾಣಕ್ಕಿಂತ ಸುಮಾರು 8 ಕಿಲೋಮೀಟರು ದೂರ ಜಾಸ್ತಿ. ಹಾಗಾದರೆ ಲೋಕಲ್ ಹತ್ತಿ ಕಲ್ಯಾಣಕ್ಕೆ ಹೋಗಲು ಎಷ್ಟು ಕಿಲೋಮೀಟರು?